ಕಪಾಟಿನಲ್ಲಿ ಸಂಖ್ಯೆ ಸಿಗದ ಪತ್ರಿಕೆಗಳು

ಕನ್ನಡದ ಪ್ರಕಾಶನ ಸಂಸ್ಥೆಯೊಂದರ ಚರಿತ್ರೆಯನ್ನು ಸಂಶೋಧನೆಗೆ ಆಯ್ದುಕೊಂಡಿರುವ ವಿದ್ಯಾರ್ಥಿನಿಯೊಬ್ಬರು ಕಳೆದ ವರ್ಷ ದಾವಣಗೆರೆಯ ನಮ್ಮ ಮನೆಗೆ ಬಂದು ತಮ್ಮ ಪ್ರಬಂಧದ ಕರಡನ್ನು ಓದಲು ಕೊಟ್ಟರು. ಪಟ್ಟ ಶ್ರಮ ಎದ್ದು ಕಾಣುತ್ತಿತ್ತು. ಆ ಸಂಸ್ಥೆ ಹೊರತಂದ ಪುಸ್ತಕಗಳ ಪಟ್ಟಿ ವರ್ಷವಾರು ಇತ್ತು, ಪ್ರಕಾರವಾರು ಇತ್ತು. ಯಾವ ಲೇಖಕರ ಎಷ್ಟು ಕೃತಿಗಳು ಬಂದವು, ಯಾವುದು ಎಷ್ಟು ಮುದ್ರಣ ಕಂಡಿತು, ಯಾವುದಕ್ಕೆ ಬಹುಮಾನ ಬಂತು ಎಂಬುದೆಲ್ಲ ಕೋಷ್ಟಕಗಳಲ್ಲಿ ಅಚ್ಚುಕಟ್ಟಾಗಿ ಸೇರಿತ್ತು. ಆದರೆ ಅದೇ ಸಂಸ್ಥೆ ಹಲವು ವರ್ಷ ನಡೆಸಿದ ಸಾಹಿತ್ಯ ಪತ್ರಿಕೆಯ ಪ್ರಸ್ತಾಪ ಇಡೀ ಕರಡಿನಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ ಬಂದಿತ್ತು. ಕಾರಣ ಕೇಳಿದೆ. "ಅದು ಅವರ ಪುಸ್ತಕಗಳ ಪ್ರಚಾರಕ್ಕೆ ತರ್ತಿದ್ದ ಪತ್ರಿಕೆ ಅಲ್ವಾ ಸರ್, ಆಕರ ಅಂತ ಹೇಗೆ ತಗೊಳ್ಳೋದು ಅಂದ್ರು ನಮ್ಮ ಗೈಡ್. ಮೇಲಾಗಿ ಎಲ್ಲೂ ಪೂರ್ತಿ ಸಂಚಿಕೆಗಳು ಸಿಗಲಿಲ್ಲ" ಎಂದರು. ಅವರು ಹೇಳಿದ ಎರಡು ಕಾರಣಗಳು ಬೇರೆ ಬೇರೆಯೆಂದು ಅವರಿಗೆ ಅನ್ನಿಸಿದ್ದವು. ನನಗೆ ಅವು ಒಂದರಿಂದೊಂದು ಹುಟ್ಟಿದವೆಂದು ತೋರಿತು. ಪ್ರಚಾರದ ಕಾಗದವೆಂದು ಭಾವಿಸಿದ್ದರಿಂದ ಯಾರೂ ಕೂಡಿಡಲಿಲ್ಲ. ಕೂಡಿಡದೆ ಇದ್ದುದರಿಂದ ಅದರಲ್ಲಿ ಏನಿತ್ತೆಂದು ತಿಳಿದವರು ಕಡಿಮೆಯಾದರು. ತಿಳಿದವರು ಕಡಿಮೆಯಾದ ಮೇಲೆ ಅದು ಪ್ರಚಾರದ ಕಾಗದವೆಂಬ ಮಾತನ್ನು ಪ್ರಶ್ನಿಸುವವರೂ ಇಲ್ಲವಾದರು.

ಅಂದಿನಿಂದ ಈ ವಿಚಾರ ನನ್ನನ್ನು ಬಿಟ್ಟಿಲ್ಲ. ಪ್ರಕಾಶನ ಸಂಸ್ಥೆಯೊಂದು ತನ್ನದೇ ಸಾಹಿತ್ಯ ಪತ್ರಿಕೆಯನ್ನು ನಡೆಸಿದರೆ ಆ ಪತ್ರಿಕೆಯೇ ಆ ಸಂಸ್ಥೆ ಯೋಚಿಸಿದ ಜಾಗ ಎಂದು ನಾನು ನಂಬಿದ್ದೇನೆ. ಪುಸ್ತಕಗಳು ಆ ಯೋಚನೆಯ ಕೊನೆಯಲ್ಲಿ ಬಂದವು. ಪುಸ್ತಕಗಳ ಪಟ್ಟಿಯಿಂದ ಮಾತ್ರ ಬರೆದ ಪ್ರಕಾಶನದ ಚರಿತ್ರೆ ತೀರ್ಮಾನಗಳನ್ನು ಹೇಳುತ್ತದೆ, ಆ ತೀರ್ಮಾನಗಳ ಹಿಂದೆ ನಡೆದ ಜಗಳ, ಅನುಮಾನ, ತಿದ್ದುಪಡಿಗಳನ್ನು ಹೇಳಲಾರದು.

ರದ್ದಿಗೆ ಹೋಗುವ ಕ್ರಮ

ಗ್ರಂಥಾಲಯಕ್ಕೆ ಪುಸ್ತಕವೊಂದು ಬಂದರೆ ಅದಕ್ಕೊಂದು ಪರಿಗ್ರಹಣ ಸಂಖ್ಯೆ ಬೀಳುತ್ತದೆ, ದಾಖಲೆ ಪುಸ್ತಕದಲ್ಲಿ ಒಂದು ಸಾಲು ಏರುತ್ತದೆ. ಆ ಸಾಲು ಇರುವವರೆಗೆ ಪುಸ್ತಕ ಎಲ್ಲಿ ಹೋಯಿತೆಂದು ಯಾರಾದರೂ ಕೇಳಬಹುದು, ಕಳೆದರೆ ಯಾರಾದರೊಬ್ಬರು ಉತ್ತರ ಕೊಡಬೇಕಾಗುತ್ತದೆ. ಪತ್ರಿಕೆಗೆ ಅಂಥ ಸಾಲು ಇರುವುದಿಲ್ಲ. ಬಂದ ಸಂಚಿಕೆಯನ್ನು ಬಂದಿದೆಯೆಂದು ಗುರುತು ಹಾಕಿ ಮೇಜಿನ ಮೇಲೆ ಇಡುತ್ತಾರೆ. ವರ್ಷ ತುಂಬಿದ ಮೇಲೆ ಸಂಪುಟವಾಗಿ ಬೈಂಡ್ ಮಾಡಿಸಿದರೆ ಮಾತ್ರ ಅದು ಪುಸ್ತಕದ ಅಂತಸ್ತಿಗೆ ಏರಿ ಸಂಖ್ಯೆ ಪಡೆಯುತ್ತದೆ. ಬೈಂಡಿಂಗ್‌ಗೆ ಹಣವಿಲ್ಲದ ವರ್ಷ ಅದು ದಿನಪತ್ರಿಕೆಗಳ ಜೊತೆಗೆ ತೂಕಕ್ಕೆ ಹೋಗುತ್ತದೆ. ನಮ್ಮ ಕಡೆಯ ಗ್ರಂಥಾಲಯವೊಂದರಲ್ಲಿ ಹೀಗೆ ಕಟ್ಟುಕಟ್ಟಾಗಿ ಹೊರಗೆ ಇಟ್ಟಿದ್ದ ರದ್ದಿಯ ನಡುವೆ ಸಾಹಿತ್ಯ ಪತ್ರಿಕೆಗಳ ಬೆನ್ನು ಕಂಡು ನಿಂತದ್ದು ನನಗೆ ನೆನಪಿದೆ. ಅಲ್ಲಿದ್ದವರು ನಿಯಮದ ಪ್ರಕಾರವೇ ನಡೆದುಕೊಂಡಿದ್ದರು. ಆ ನಿಯಮದಲ್ಲಿ ಪತ್ರಿಕೆಗೆ ಜಾಗವಿರಲಿಲ್ಲ, ಅಷ್ಟೇ.

ದೇಶದ ಮಟ್ಟದಲ್ಲಿ ಒಂದು ಏರ್ಪಾಟು ಇದೆ. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ಗ್ರಂಥಾಲಯಗಳಿಗೂ ಪ್ರಕಾಶಕರು ಕಳಿಸಬೇಕು. 1956ರ ತಿದ್ದುಪಡಿಯಲ್ಲಿ ಪತ್ರಿಕೆಗಳೂ ಅದರೊಳಗೆ ಸೇರಿದವು. ಆದರೆ ಅಂಚೆಗೆ ಚೀಟಿ ಅಂಟಿಸಲು ಮನೆಯವರನ್ನೆಲ್ಲ ಕೂರಿಸಿಕೊಳ್ಳುತ್ತಿದ್ದ ಒಬ್ಬ ಸಂಪಾದಕ ಪ್ರತಿ ಸಂಚಿಕೆಯನ್ನೂ ಇಷ್ಟು ಊರುಗಳಿಗೆ ತಪ್ಪದೆ ಕಳಿಸಿರುತ್ತಾನೆಂದು ನಂಬುವುದು ಕಷ್ಟ. ಹೀಗಾಗಿ ಇಂಥ ಪತ್ರಿಕೆಗಳು ಉಳಿದಿರುವುದು ಹೆಚ್ಚಾಗಿ ಚಂದಾದಾರರ ಮನೆಗಳಲ್ಲಿ. ಹೊಳಲ್ಕೆರೆಯ ಯಾವುದೋ ಮೇಷ್ಟರ ಮನೆಯ ಅಟ್ಟದಲ್ಲಿ, ಹರಿಹರದ ಯಾವುದೋ ನಿವೃತ್ತ ಗುಮಾಸ್ತರ ಟ್ರಂಕಿನಲ್ಲಿ ಅವು ಇವೆ.

ಅಟ್ಟದಲ್ಲಿ ನಡೆದ ಮಾತು

ಕನ್ನಡದಲ್ಲಿ ಪತ್ರಿಕೆ ಮತ್ತು ಪ್ರಕಾಶನದ ನಂಟು ಹಳೆಯದು. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ವಾಗ್ಭೂಷಣ ಪತ್ರಿಕೆಯನ್ನು ಆರಂಭಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಹೊರಟ ಪ್ರಬುದ್ಧ ಕರ್ನಾಟಕ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಕಟಣೆಯಾಯಿತು. ಅದನ್ನು ಬೆಳೆಸಿದವರಲ್ಲಿ ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರೂ ಒಬ್ಬರೆಂಬುದನ್ನು ಈ ಭಾಗದವನಾಗಿ ನಾನು ಹೆಮ್ಮೆಯಿಂದ ನೆನೆಯುತ್ತೇನೆ. ಮಾಸ್ತಿಯವರು 1944ರಿಂದ ಎರಡು ದಶಕಗಳ ಕಾಲ ಸಂಪಾದಿಸಿದ ಜೀವನ ಪತ್ರಿಕೆಯ ಹೆಸರಿನಲ್ಲೇ ಜೀವನ ಕಾರ್ಯಾಲಯವಿತ್ತು, ಅವರ ಪುಸ್ತಕಗಳು ಅದರ ಮೂಲಕ ಬಂದವು. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿಯವರು ಸೇರಿ ಆರಂಭಿಸಿದ ಸಂಕ್ರಮಣದಲ್ಲಿ ಪತ್ರಿಕೆ ಮೊದಲು ಬಂತು, ಸಂಕ್ರಮಣ ಪ್ರಕಾಶನ ಅದರ ಬೆನ್ನಿಗೆ ಬಂತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ವಾರಪತ್ರಿಕೆಯಾದರೂ ಅದರಿಂದಲೂ ಪತ್ರಿಕೆ ಪ್ರಕಾಶನ ಹುಟ್ಟಿತು. ನಮ್ಮಲ್ಲಿ ಪತ್ರಿಕೆ ಪುಸ್ತಕಕ್ಕೆ ದಾರಿ ಮಾಡಿದ ಉದಾಹರಣೆಗಳು ಹೀಗೆ ಬೇಕಾದಷ್ಟು ಇವೆ.

ಇದಕ್ಕೆ ತಿರುವುಮುರುವಾಗಿ, ಪ್ರಕಾಶನವೇ ಮೊದಲು ನೆಲೆಯೂರಿ ಆಮೇಲೆ ಪತ್ರಿಕೆ ಬೇಕೆನ್ನಿಸಿದ ಸಂದರ್ಭಗಳು ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತವೆ. ಧಾರವಾಡದ ಮನೋಹರ ಗ್ರಂಥಮಾಲೆಯನ್ನು ಜಡಭರತ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಿ.ಬಿ. ಜೋಶಿಯವರು ನಡೆಸಿಕೊಂಡು ಬಂದದ್ದು 1933ರಿಂದ. ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳನ್ನು ಮನೆಗೆ ಕಳಿಸುವ ವ್ಯವಸ್ಥೆಯ ಮೇಲೆ ಅದು ನಿಂತಿತ್ತು; ಚಂದಾದಾರರನ್ನು ಮಾಡಿಕೊಳ್ಳಲು ಜೋಶಿಯವರು ಊರೂರು ತಿರುಗಿದರು. ಸುಭಾಸ ರಸ್ತೆಯಲ್ಲಿದ್ದ ಗ್ರಂಥಮಾಲೆಯ ಅಟ್ಟ ಲೇಖಕರು ಸೇರಿ ಹರಟುವ ಜಾಗವಾಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ ಯಯಾತಿ 1961ರಲ್ಲಿ ಬೆಳಕು ಕಂಡದ್ದು ಅಲ್ಲಿಂದಲೇ. ಪುಸ್ತಕಗಳಿಗೆ ಕೊರತೆಯಿಲ್ಲದ, ಓದುಗರೂ ಖಾತ್ರಿಯಿದ್ದ ಇಂಥ ಸಂಸ್ಥೆ ಕೀರ್ತಿನಾಥ ಕುರ್ತಕೋಟಿಯವರ ಸಂಪಾದಕತ್ವದಲ್ಲಿ ಮನ್ವಂತರ ಪತ್ರಿಕೆಯನ್ನು ತಂದಿತು. ಇರುವ ಪುಸ್ತಕ ಮಾರುವುದೊಂದೇ ಉದ್ದೇಶವಾಗಿದ್ದರೆ ಒಂದು ಬೆಲೆಪಟ್ಟಿ ಸಾಕಾಗುತ್ತಿತ್ತು, ಕುರ್ತಕೋಟಿಯವರಂಥ ವಿಮರ್ಶಕರು ಬೇಕಿರಲಿಲ್ಲ. ಅಟ್ಟದಲ್ಲಿ ಕುಳಿತು ಮಾತಾಡಿದ್ದನ್ನು ಅಲ್ಲಿಗೆ ಬರಲಾಗದವರಿಗೂ ತಲುಪಿಸಬೇಕೆಂಬ ಆಸೆ ಅದರ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ. ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಕುಳಿತಿದ್ದ ಓದುಗನಿಗೆ ಧಾರವಾಡದ ಅಟ್ಟ ಹತ್ತಲು ಇದ್ದ ದಾರಿ ಅಂಥ ಪತ್ರಿಕೆಯೊಂದೇ.

ಮಲೆನಾಡಿನ ಕಡೆ ಇದೇ ಕಾಲಕ್ಕೆ ಸಾಕ್ಷಿ ಎಂಬ ಪತ್ರಿಕೆ ಇತ್ತು. ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನದ ಬೆಂಬಲದಲ್ಲಿ, ಗೋಪಾಲಕೃಷ್ಣ ಅಡಿಗರ ಸಂಪಾದಕತ್ವದಲ್ಲಿ 1960ರ ದಶಕದಲ್ಲಿ ಬಂದ ಈ ತ್ರೈಮಾಸಿಕ ನವ್ಯ ಸಾಹಿತ್ಯದ ವಾಗ್ವಾದಗಳಿಗೆ ಮುಖ್ಯ ವೇದಿಕೆಯಾಯಿತು. ಇಲ್ಲಿ ಗಮನಿಸಬೇಕಾದದ್ದು ಪ್ರಕಾಶಕರಿಗೂ ಸಂಪಾದಕರಿಗೂ ಇದ್ದ ಅಂತರ. ಸುಬ್ಬಣ್ಣನವರಿಗೆ ತಮ್ಮದೇ ಆದ ವಿಚಾರಗಳಿದ್ದವು, ಅಡಿಗರಿಗೆ ತಮ್ಮವು. ಹಣ ಹಾಕುವವರು ಒಬ್ಬರು, ಯಾವುದನ್ನು ಅಚ್ಚು ಮಾಡಬೇಕೆಂದು ನಿರ್ಧರಿಸುವವರು ಇನ್ನೊಬ್ಬರು ಎಂಬ ಏರ್ಪಾಟನ್ನು ಒಂದು ಸಣ್ಣ ಊರಿನ ಪ್ರಕಾಶನ ಮನಃಪೂರ್ವಕವಾಗಿ ಒಪ್ಪಿಕೊಂಡದ್ದು ನನಗೆ ಇವತ್ತಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನವಕರ್ನಾಟಕ ಪ್ರಕಾಶನದ ಹೊಸತು ಮಾಸಪತ್ರಿಕೆಯನ್ನು ಜಿ. ರಾಮಕೃಷ್ಣರಂಥ ವಿದ್ವಾಂಸರು ಸಂಪಾದಿಸಿದಾಗಲೂ ಅಂಥದೇ ನಂಬಿಕೆ ಕೆಲಸ ಮಾಡಿದೆ.

ಆನೆಬಾಗಿಲ ಮನೆಯ ಕಟ್ಟು

ಪ್ರಕಾಶನದ ಪತ್ರಿಕೆಯನ್ನು ಅಳೆಯಲು ನನ್ನ ಬಳಿ ಒಂದೇ ಅಳತೆಗೋಲಿದೆ: ತನ್ನದೇ ಸಂಸ್ಥೆಯ ಪುಸ್ತಕ ಸೋತಿದೆಯೆಂದು ಬರೆಯುವ ವಿಮರ್ಶಕನಿಗೆ ಅದು ಜಾಗ ಕೊಟ್ಟಿತೇ? ಈ ಅಳತೆಗೋಲು ನನಗೆ ಸಿಕ್ಕಿದ್ದು ಚಿತ್ರದುರ್ಗದ ಆನೆಬಾಗಿಲ ಹತ್ತಿರದ ಒಂದು ಮನೆಯಲ್ಲಿ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದ ಹಿರಿಯರೊಬ್ಬರು ತೀರಿಕೊಂಡ ಕೆಲವು ತಿಂಗಳ ಮೇಲೆ ಅವರ ಪತ್ನಿ ನನ್ನನ್ನು ಕರೆಸಿ ಒಂದು ಕಟ್ಟು ಪತ್ರಿಕೆಗಳನ್ನು ಮುಂದಿಟ್ಟರು. "ತಗೊಂಡ್ ಹೋಗಿ ಮೇಷ್ಟ್ರೇ. ಹುಡುಗ್ರು ರದ್ದಿಗೆ ಹಾಕೋಣ ಅಂತಾರೆ. ಅವರಿದ್ದಾಗ ಇದರಲ್ಲಿ ಒಂದು ಹಾಳೆ ಮುಟ್ಟೋಕೂ ಬಿಡ್ತಿರಲಿಲ್ಲ" ಎಂದರು. "ಅಮ್ಮ, ಇವು ನಿಮ್ಮ ಮನೆಯಲ್ಲೇ ಇರಲಿ, ನಾನು ಬಂದು ಓದಿಕೊಂಡು ಹೋಗುತ್ತೇನೆ" ಎಂದರೆ ಅವರು ಒಪ್ಪಲಿಲ್ಲ. ಮನೆಯನ್ನು ಒಡೆದು ಕಟ್ಟುವ ಮಾತು ಆಗಲೇ ನಡೆದಿತ್ತು.

ಆ ಕಟ್ಟಿನಲ್ಲಿದ್ದದ್ದು ಹೆಚ್ಚು ದಿನ ಬಾಳದ ಒಂದು ಪ್ರಕಾಶನದ ಪತ್ರಿಕೆ. ವಿಳಾಸದ ಚೀಟಿಗಳಲ್ಲಿ ತೀರಿಕೊಂಡ ಮೇಷ್ಟರ ಹೆಸರು ಕೈಬರಹದಲ್ಲಿತ್ತು. ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು, ಕೆಲವೆಡೆ ಪ್ರಶ್ನಾರ್ಥಕ ಚಿಹ್ನೆ, ಒಂದೆಡೆ ಕವಿತೆಯ ಮಾತ್ರೆಗಳನ್ನು ಎಣಿಸಿದ ಗುರುತು. ಒಂದು ಸಂಚಿಕೆಯ ಮಧ್ಯದಲ್ಲಿ ಆ ಸಂಸ್ಥೆಯೇ ಹೊಸದಾಗಿ ತಂದಿದ್ದ ಕಾದಂಬರಿಯೊಂದರ ವಿಮರ್ಶೆ ಇತ್ತು. ವಿಮರ್ಶಕರು ಕಾದಂಬರಿಯ ಮೊದಲ ಭಾಗವನ್ನು ಮನಸಾರೆ ಮೆಚ್ಚಿ, ಕೊನೆಯ ಮೂರನೆಯ ಒಂದು ಭಾಗದಲ್ಲಿ ಲೇಖಕರು ಪಾತ್ರಗಳನ್ನು ಕೈಬಿಟ್ಟು ತಮ್ಮ ಅಭಿಪ್ರಾಯಗಳ ಹಿಂದೆ ಹೋಗಿದ್ದಾರೆಂದು ಎರಡು ಪುಟ ತುಂಬ ಉದಾಹರಣೆ ಸಮೇತ ಬರೆದಿದ್ದರು. ಅದೇ ಸಂಚಿಕೆಯ ಹಿಂಬದಿಯ ರಕ್ಷಾಪುಟದ ಮೇಲೆ ಅದೇ ಕಾದಂಬರಿಯ ಜಾಹೀರಾತು ದೊಡ್ಡ ಅಕ್ಷರದಲ್ಲಿ ಇತ್ತು. ಮುಂದಿನ ಸಂಚಿಕೆಯಲ್ಲಿ ಲೇಖಕರ ಉತ್ತರ ಬಂದಿತ್ತು. ಸಿಟ್ಟು ಇತ್ತು, ಆದರೆ ವಾದವೂ ಇತ್ತು. ಅದರ ಮುಂದಿನ ಸಂಚಿಕೆಯಲ್ಲಿ ಓದುಗರ ಪತ್ರಗಳು. ನಮ್ಮ ಮೇಷ್ಟರೂ ಒಂದು ಪತ್ರ ಬರೆದಿದ್ದರು, ಅದು ಅಚ್ಚಾಗಿತ್ತು. ಹೆಸರಿನ ಕೆಳಗೆ ಚಿತ್ರದುರ್ಗ ಎಂದಿತ್ತು.

ಹೀಗೆ ಒಂದು ಸಂಸ್ಥೆ ತಾನು ಹಣ ಹಾಕಿ ಅಚ್ಚು ಮಾಡಿಸಿದ ಪುಸ್ತಕದ ದೋಷವನ್ನು ತನ್ನದೇ ಕಾಗದದ ಮೇಲೆ ಚರ್ಚೆಗೆ ಇಟ್ಟಿತ್ತು. ಅದರಿಂದ ಮಾರಾಟಕ್ಕೆ ಪೆಟ್ಟು ಬಿದ್ದಿತೇ ಎಂಬುದು ನನಗೆ ಮುಖ್ಯವಲ್ಲ. ಆ ಚರ್ಚೆ ಪುಸ್ತಕದ ಯಾವ ಮುದ್ರಣದಲ್ಲೂ ಸೇರಲು ಸಾಧ್ಯವಿರಲಿಲ್ಲ. ಪುಸ್ತಕದ ಬೆನ್ನುಡಿ ಹೊಗಳುತ್ತದೆ, ಮುನ್ನುಡಿ ಆಶೀರ್ವದಿಸುತ್ತದೆ; ಅನುಮಾನಕ್ಕೆ ಇದ್ದ ಏಕೈಕ ಜಾಗ ಪತ್ರಿಕೆಯದು. ಆ ಮೂರು ಸಂಚಿಕೆಗಳನ್ನು ಬಿಟ್ಟು ಆ ಪ್ರಕಾಶನದ ಚರಿತ್ರೆಯನ್ನು ಬರೆದರೆ ಆ ಕಾದಂಬರಿ ಒಂದು ಶೀರ್ಷಿಕೆ, ಒಂದು ಬೆಲೆ, ಒಂದು ವರ್ಷವಾಗಿ ಮಾತ್ರ ಉಳಿಯುತ್ತದೆ.

ಅದೇ ಕಟ್ಟಿನಲ್ಲಿ ಇನ್ನೊಂದು ವಿಷಯ ಕಂಡಿತು. ಕವಿಯೊಬ್ಬರ ದೀರ್ಘ ಕವಿತೆ ಪತ್ರಿಕೆಯಲ್ಲಿ ಐದು ಭಾಗಗಳಲ್ಲಿ ಬಂದಿತ್ತು. ಅದೇ ಸಂಸ್ಥೆ ಆಮೇಲೆ ತಂದ ಸಂಕಲನ ನನ್ನ ಬಳಿ ಇತ್ತು. ಅದರಲ್ಲಿ ಭಾಗಗಳು ನಾಲ್ಕೇ. ಕೊನೆಯ ಭಾಗ ಪೂರ್ತಿಯಾಗಿ ಹೋಗಿತ್ತು, ಮೂರನೆಯ ಭಾಗದ ಕ್ರಿಯಾಪದಗಳು ಭೂತಕಾಲದಿಂದ ವರ್ತಮಾನಕ್ಕೆ ಬಂದಿದ್ದವು. ನಡುವೆ ಬಂದ ಒಂದು ಸಂಚಿಕೆಯಲ್ಲಿ ಓದುಗರೊಬ್ಬರು ಕೊನೆಯ ಭಾಗ ಉಪದೇಶದಂತೆ ಕೇಳಿಸುತ್ತದೆಂದು ಬರೆದಿದ್ದರು. ಆ ಪತ್ರವೇ ಕಾರಣವೆಂದು ಹೇಳಲಾರೆ. ಆದರೆ ಕವಿ ಓದಿರಬಹುದು, ಸಂಪಾದಕರು ತೋರಿಸಿರಬಹುದು, ಇಬ್ಬರೂ ಕೂತು ಮಾತಾಡಿರಬಹುದು ಎಂಬಷ್ಟು ದಾರಿ ಅಲ್ಲಿ ತೆರೆದಿದೆ. ಪಠ್ಯದ ಬೆಳವಣಿಗೆಯನ್ನು ಅಧ್ಯಯನ ಮಾಡುವವರು ಹಸ್ತಪ್ರತಿ ಸಿಗಲಿಲ್ಲವೆಂದು ಕೊರಗುತ್ತಾರೆ. ಪತ್ರಿಕೆಯ ಪಾಠವೂ ಒಂದು ಹಸ್ತಪ್ರತಿಯಷ್ಟೇ ಬೆಲೆಯುಳ್ಳದ್ದೆಂದು ಅಂದು ನನಗೆ ಮನದಟ್ಟಾಯಿತು.

ಮೊಳೆಗಳ ಲೆಕ್ಕ

ಈ ವ್ಯತ್ಯಾಸಗಳಿಗೆ ಕವಿಯ ಮನಸ್ಸಿನಾಚೆಗೂ ಒಂದು ಕಾರಣವಿರಬಹುದೆಂದು ತಿಳಿಸಿಕೊಟ್ಟವರು ಅಚ್ಚಿನ ಸೀಸದ ಮೊಳೆಗಳನ್ನು ಜೋಡಿಸುತ್ತಿದ್ದ ದಾವಣಗೆರೆಯ ಹಳೆಯ ಕಂಪೋಸಿಟರ್ ಒಬ್ಬರು. ಮಂಡಿಪೇಟೆಯ ವ್ಯಾಪಾರಿಗಳ ಬಿಲ್ ಪುಸ್ತಕ, ಲಗ್ನಪತ್ರಿಕೆ, ನಾಟಕದ ಕರಪತ್ರಗಳೇ ಜೀವಾಳವಾಗಿದ್ದ ಮುದ್ರಣಾಲಯವೊಂದರಲ್ಲಿ ಅವರು ಚಿಕ್ಕ ವಯಸ್ಸಿನಿಂದ ದುಡಿದವರು. ಸಾಹಿತ್ಯದ ಕೆಲಸವೂ ಆಗಾಗ ಬರುತ್ತಿತ್ತು. ಅವರ ಮನೆಯ ಜಗಲಿಯ ಮೇಲೆ ಕುಳಿತು ಮಾತಾಡಿದ ಒಂದು ಸಂಜೆ ಅವರು ಹೇಳಿದ್ದು ಹೀಗೆ: "ಕವಿತಿ ಅಂದ್ರ ನಮಗ ಸುಲಭ ಅಂತ ತಿಳ್ಕೊಂತಾರ್ರಿ ಸರ. ಸಾಲು ಸಣ್ಣದಿರ್ತತಲ್ಲ ಅಂತ. ಆದ್ರ ಖಾಲಿ ಜಾಗಕ್ಕೂ ಸೀಸ ಇಡಬೇಕ್ರಿ. ನಿಮ್ಮ ಕಣ್ಣಿಗೆ ಬಿಳೇದು ಕಾಣಸ್ತತಿ, ನಮ್ಮ ಕೈಗೆ ಅಲ್ಲೂ ಭಾರ ಇರ್ತಿತ್ತು."

ಅವರು ವಿವರಿಸಿದ ಕೆಲಸದ ಕ್ರಮ ಇದು. ಕನ್ನಡಕ್ಕೆ ಮೊಳೆಗಳ ಮನೆಗಳು ಇಂಗ್ಲಿಷಿಗಿಂತ ಬಹಳ ಹೆಚ್ಚು. ಕಾಗುಣಿತದ ರೂಪಗಳು, ಒತ್ತಕ್ಷರಗಳು ಎಲ್ಲಕ್ಕೂ ಪ್ರತ್ಯೇಕ ಮೊಳೆ. ಸಣ್ಣ ಮುದ್ರಣಾಲಯದಲ್ಲಿ ಒಂದೆರಡು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು, ಜೋಡಿಸುವಷ್ಟರಲ್ಲಿ ಕೆಲವು ಒತ್ತುಗಳು ಮುಗಿದುಹೋಗುತ್ತಿದ್ದವು. ಕರಡು ತಿದ್ದಿ, ಟ್ರೆಡಲ್ ಎಂಬ ಅಚ್ಚಿನ ಯಂತ್ರದ ಮೇಲೆ ಆ ಪುಟಗಳನ್ನು ಮುದ್ರಿಸಿ, ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಮನೆಗೆ ಹಾಕಿದ ಮೇಲೆಯೇ ಮುಂದಿನ ಪುಟಗಳ ಜೋಡಣೆ. ಹೀಗಾಗಿ ಪತ್ರಿಕೆಗೆಂದು ಜೋಡಿಸಿದ್ದನ್ನು ಪುಸ್ತಕಕ್ಕೆಂದು ಉಳಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಪತ್ರಿಕೆಯಲ್ಲಿ ಬಂದ ಕಥೆ ಸಂಕಲನಕ್ಕೆ ಹೋಗುವಾಗ ಮೊದಲಿನಿಂದ ಜೋಡಿಸಬೇಕಿತ್ತು, ಮತ್ತೆ ಕರಡು ಬರುತ್ತಿತ್ತು, ಲೇಖಕರ ಕೈಯಲ್ಲಿ ಮತ್ತೆ ಪೆನ್ನು ಬರುತ್ತಿತ್ತು. ತಿದ್ದುವ ಅವಕಾಶ ಆ ತಂತ್ರಜ್ಞಾನದ ಒಳಗೇ ಇತ್ತು. ಜೊತೆಗೆ ಹೊಸ ತಪ್ಪುಗಳು ಸೇರುವ ಅವಕಾಶವೂ ಇತ್ತು. ಪುಸ್ತಕದಲ್ಲಿ ಅರ್ಥವಾಗದ ಸಾಲೊಂದು ಪತ್ರಿಕೆಯ ಪಾಠದಲ್ಲಿ ಸರಿಯಾಗಿ ಸಿಗುವುದು ಅಪರೂಪವೇನಲ್ಲ.

ಪುಟಗಳ ಸಂಖ್ಯೆ ಎಂಟರ ಅಥವಾ ಹದಿನಾರರ ಲೆಕ್ಕದಲ್ಲಿ ಬರಬೇಕಾದದ್ದು ಇನ್ನೊಂದು ಕಟ್ಟುಪಾಡು. ಲೇಖನ ಪುಟದ ಮಧ್ಯದಲ್ಲಿ ಮುಗಿದರೆ ಉಳಿದ ಜಾಗಕ್ಕೆ ಏನಾದರೂ ಬೇಕು. "ಎರಡಿಂಚು ಉಳದತಿ, ಏನರ ಕೊಡ್ರಿ ಅಂತ ಸಂಪಾದಕರ ಮನಿಗೆ ಹುಡುಗನ್ನ ಓಡಸ್ತಿದ್ವಿ. ಅವರು ನಿಂತ ಕಾಲ ಮ್ಯಾಲೆ ಏನರ ಬರದು ಕಳಸೋರು" ಎಂದರು. ಆ ಎರಡಿಂಚುಗಳಿಗೆ ಬಂದ ಚುಟುಕಗಳು, ಪುಟ್ಟ ಅನುವಾದಗಳು, ಹಳೆಯ ವಚನದ ಒಂದು ಸಾಲು ಎಷ್ಟೋ ವೇಳೆ ಸಂಪಾದಕರ ಅಭಿರುಚಿಯನ್ನು ದೊಡ್ಡ ಸಂಪಾದಕೀಯಕ್ಕಿಂತ ನೇರವಾಗಿ ತೋರಿಸುತ್ತವೆ. ಪತ್ರಿಕೆ ತಡವಾಗುತ್ತಿದ್ದ ಕಾರಣವೂ ಅವರಿಂದ ತಿಳಿಯಿತು. ಲಗ್ನದ ಮುಹೂರ್ತಗಳು ಒತ್ತಾಗಿರುವ ತಿಂಗಳಲ್ಲಿ ಮುದ್ರಣಾಲಯ ಲಗ್ನಪತ್ರಿಕೆಯನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಸಾಹಿತ್ಯ ಪತ್ರಿಕೆಗಳ ಬೇಸಿಗೆಯ ಸಂಚಿಕೆ ಮಳೆಗಾಲದಲ್ಲಿ ಬರುತ್ತಿದ್ದುದನ್ನು ಸಂಪಾದಕರ ಆಲಸ್ಯವೆಂದು ತಿಳಿದ ಓದುಗರು ಬಹಳ ಮಂದಿ ಇದ್ದರು.

ಮಲ್ಲಾಡಿಹಳ್ಳಿಯ ನಿದರ್ಶನ

ಪ್ರಕಾಶನವೂ ಪತ್ರಿಕೆಯೂ ನಗರದ ವ್ಯವಹಾರವೆಂದು ಭಾವಿಸುವವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ನೋಡಬೇಕು. ತಿರುಕ ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿಯವರು 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದರು. ಯೋಗ, ಆಯುರ್ವೇದ, ಶಾಲೆಗಳಿಂದ ಆ ಹಳ್ಳಿಯ ಹೆಸರು ನಾಡಿಗೆ ಪರಿಚಯವಾಯಿತು. ಅಲ್ಲಿಯೇ ಅಧ್ಯಾಪಕರಾಗಿದ್ದ ಕಥೆಗಾರ ರಾಘವೇಂದ್ರ ಪಾಟೀಲರು ಸಂವಾದ ಎಂಬ ಸಾಹಿತ್ಯ ಪತ್ರಿಕೆಯನ್ನು ಸಂಪಾದಿಸಿದರು, ಆನಂದಕಂದ ಗ್ರಂಥಮಾಲೆಯ ಮೂಲಕ ಪುಸ್ತಕಗಳನ್ನು ಪ್ರಕಟಿಸಿದರು. ತೇರು ಕಾದಂಬರಿಗೆ 2005ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರ ಹೆಸರು ಎಲ್ಲ ಕಡೆ ಕೇಳಿಬಂತು, ಆದರೆ ಈ ಸಂಪಾದನೆಯ ಕೆಲಸದ ಬಗ್ಗೆ ಅಷ್ಟಾಗಿ ಯಾರೂ ಮಾತಾಡಲಿಲ್ಲ. ಆನಂದಕಂದರು ಎಂದರೆ ಬೆಟಗೇರಿ ಕೃಷ್ಣಶರ್ಮರು. ಅವರು ಕವಿ, ಕಥೆಗಾರರಾಗಿದ್ದಂತೆಯೇ ಜಯಂತಿ ಮಾಸಪತ್ರಿಕೆಯ ಸಂಪಾದಕರೂ ಆಗಿದ್ದರು. ಬೆಳಗಾವಿ ಸೀಮೆಯ ಒಬ್ಬ ಸಂಪಾದಕರ ಹೆಸರನ್ನು ಹೊತ್ತ ಪುಸ್ತಕಗಳು ನಮ್ಮ ದುರ್ಗದ ಬಯಲುಸೀಮೆಯ ಹಳ್ಳಿಯ ವಿಳಾಸದಿಂದ ನಾಡಿನ ತುಂಬ ಹೋದವು.

ಬೆಂಗಳೂರಿನ ದೊಡ್ಡ ಪ್ರಕಾಶನವೊಂದು ಪತ್ರಿಕೆ ನಡೆಸಿದರೆ ಬರಹಗಾರರು ಅದರ ಬಾಗಿಲಿಗೆ ಬರುತ್ತಾರೆ. ಹಳ್ಳಿಯಿಂದ ನಡೆಸುವವರು ಪ್ರತಿ ಬರಹವನ್ನೂ ಕಾಗದ ಬರೆದು ಕೇಳಿ ತರಿಸಬೇಕು, ಬಂದದ್ದನ್ನು ಅಚ್ಚಿಗೆ ಪಟ್ಟಣಕ್ಕೆ ಒಯ್ಯಬೇಕು, ಅಚ್ಚಾದದ್ದನ್ನು ಅಂಚೆಗೆ ಹಾಕಬೇಕು. ಪಾಠ ಹೇಳುವ ಕೆಲಸದ ಜೊತೆಗೆ ಇದನ್ನು ವರ್ಷಗಟ್ಟಲೆ ಮಾಡುವುದಕ್ಕೆ ಎಂಥ ಹಟ ಬೇಕೆಂಬುದನ್ನು ಪತ್ರಿಕೆ ನಡೆಸಿದವರೇ ಬಲ್ಲರು. ನಮ್ಮ ಚಿತ್ರದುರ್ಗ ಜಿಲ್ಲೆಯ ಸಾಹಿತ್ಯ ಚರಿತ್ರೆಯೆಂದರೆ ಕಲ್ಲಿನ ಕೋಟೆ, ಪಾಳೆಯಗಾರರ ಕಥೆ, ತರಾಸು ಅವರ ಕಾದಂಬರಿಗಳೆಂದು ಮುಗಿಸುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವೆಲ್ಲವೂ ಬೇಕು, ತರಾಸು ನಮಗೆ ಎಂದಿಗೂ ಬೇಕು. ಅದರ ಜೊತೆಗೆ ಮಲ್ಲಾಡಿಹಳ್ಳಿಯ ಅಂಚೆ ಕಚೇರಿಯ ಮುದ್ರೆ ಬಿದ್ದ ಪತ್ರಿಕೆಯ ಕಟ್ಟುಗಳಿಗೂ ಆ ಚರಿತ್ರೆಯಲ್ಲಿ ಒಂದು ಅಧ್ಯಾಯ ಸಲ್ಲಬೇಕು.

ಯಾಕೆ ನಿಲ್ಲುತ್ತವೆ

ಇಂಥ ಪತ್ರಿಕೆಗಳು ನಿಲ್ಲುವುದಕ್ಕೆ ಸಂಪಾದಕರ ವಯಸ್ಸು, ಅಂಚೆಯ ದರ, ಕಾಗದದ ಬೆಲೆ ಎಂದು ಕಾರಣ ಕೊಡುವುದು ವಾಡಿಕೆ. ನನಗೆ ಕಾಣುವ ಇನ್ನೊಂದು ಕಾರಣ ಓದುಗರ ಜೊತೆಗಿನ ಪ್ರಕಾಶಕರ ಸಂಬಂಧ ಬದಲಾದದ್ದು. ಚಂದಾದಾರರ ಹಣವನ್ನೇ ನೆಚ್ಚಿಕೊಂಡಿದ್ದ ಪ್ರಕಾಶಕರಿಗೆ ಆ ಓದುಗರ ಜೊತೆ ವರ್ಷವಿಡೀ ಮಾತು ಬೇಕಿತ್ತು; ಪತ್ರಿಕೆ ಆ ಮಾತನ್ನು ಉಳಿಸುತ್ತಿತ್ತು, ಮುಂಗಡವಾಗಿ ಸ್ವಲ್ಪ ಹಣವನ್ನೂ ತರುತ್ತಿತ್ತು, ಯಾವ ಹೊಸ ಲೇಖಕನನ್ನು ಓದುಗರು ಮೆಚ್ಚುತ್ತಾರೆಂದು ತಿಳಿಸುತ್ತಿತ್ತು. ಸರ್ಕಾರದ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಮುಖ್ಯ ಮಾರುಕಟ್ಟೆಯಾದ ಮೇಲೆ ಪ್ರಕಾಶಕರ ಕಣ್ಣು ಆಯ್ಕೆ ಪಟ್ಟಿಯ ಕಡೆಗೆ ತಿರುಗಿತು. ಸಗಟು ಖರೀದಿಯಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು, ಅದಿಲ್ಲದಿದ್ದರೆ ಎಷ್ಟೋ ಪುಸ್ತಕಗಳು ಬರುತ್ತಿರಲಿಲ್ಲ. ಆದರೆ ಓದುಗರ ಪತ್ರಕ್ಕಾಗಿ ಕಾಯುವ ಅಗತ್ಯ ಅದರಿಂದ ಕಡಿಮೆಯಾಯಿತು. ಈಗ ಹೊಸ ಪುಸ್ತಕದ ಸುದ್ದಿ ವಾಟ್ಸ್‌ಆಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಕ್ಷಣದಲ್ಲಿ ತಲುಪುತ್ತದೆ. ಸುದ್ದಿ ತಲುಪುವುದಷ್ಟೇ ಬೇಕಿದ್ದರೆ ಅದು ಸಾಕು. ಎರಡು ಪುಟದ ಪ್ರತಿಕೂಲ ವಿಮರ್ಶೆಯನ್ನು ತಮ್ಮ ಹೊಸ ಪುಸ್ತಕದ ಪಕ್ಕದಲ್ಲಿ ಹಾಕುವ ಪ್ರಕಾಶಕರನ್ನು ನಾನು ಅಲ್ಲಿ ಇನ್ನೂ ಕಂಡಿಲ್ಲ.

ಮಾರ್ಚ್ ಸಂಚಿಕೆ ಮತ್ತು ರಕ್ಷಾಪುಟ

ಇಂಥ ಪತ್ರಿಕೆಗಳ ಚರಿತ್ರೆ ಬರೆಯಲು ಹೊರಡುವವರಿಗೆ ಅವುಗಳ ಒಳಗೇ ಒಂದು ಖಚಿತವಾದ ಆಕರ ಇದೆ. 1956ರ ಪತ್ರಿಕಾ ನೋಂದಣಿ ನಿಯಮಗಳ ಪ್ರಕಾರ ನೋಂದಾಯಿತ ಪತ್ರಿಕೆಯೊಂದು ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ನಮೂನೆ 4 ಎಂಬ ಹೇಳಿಕೆಯನ್ನು ಪ್ರಕಟಿಸಬೇಕಿತ್ತು. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕರು, ಪ್ರಕಾಶಕರು, ಸಂಪಾದಕರು, ಅವರ ವಿಳಾಸ, ಬಂಡವಾಳದಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ಪಾಲುಳ್ಳ ಮಾಲೀಕರ ಹೆಸರು, ಎಲ್ಲವೂ ಅದರಲ್ಲಿ ಬರುತ್ತದೆ. ಓದುಗರು ಅದನ್ನು ದಾಟಿ ಹೋಗುತ್ತಾರೆ. ಆದರೆ ವರ್ಷವರ್ಷದ ಮಾರ್ಚ್ ಸಂಚಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಮುದ್ರಣಾಲಯ ಯಾವಾಗ ಬದಲಾಯಿತು, ಸಂಪಾದಕರೇ ಮಾಲೀಕರೂ ಆದದ್ದು ಎಂದಿನಿಂದ, ಮಾಸಿಕ ಎಂದು ಶುರುವಾದದ್ದು ಯಾವ ವರ್ಷ ತ್ರೈಮಾಸಿಕವಾಯಿತು ಎಂಬುದೆಲ್ಲ ಸಹಿ ಸಮೇತ ಸಿಗುತ್ತದೆ. ಪ್ರಕಾಶಕರಿಗೂ ಸಂಪಾದಕರಿಗೂ ಇದ್ದ ಅಂತರದ ಬಗ್ಗೆ ಮೇಲೆ ಹೇಳಿದೆನಲ್ಲ, ಆ ಅಂತರ ಎಷ್ಟು ಕಾಲ ಉಳಿಯಿತೆಂದು ತಿಳಿಯಲು ಇದಕ್ಕಿಂತ ನಿಖರವಾದ ದಾಖಲೆ ಇನ್ನೊಂದಿಲ್ಲ.

ಹಲವು ಪತ್ರಿಕೆಗಳಲ್ಲಿ ಈ ಹೇಳಿಕೆ ರಕ್ಷಾಪುಟದ ಒಳಬದಿಯಲ್ಲಿ ಇರುತ್ತದೆ, ಪ್ರಕಾಶನದ ಪುಸ್ತಕಗಳ ಪಟ್ಟಿ ಹಿಂಬದಿಯಲ್ಲಿ ಇರುತ್ತದೆ. ಬೈಂಡ್ ಮಾಡುವವರು ಸಂಪುಟ ದಪ್ಪವಾಗುತ್ತದೆಂದು ಮೊದಲು ಕೀಳುವುದು ಅದೇ ರಕ್ಷಾಪುಟಗಳನ್ನು. ಹೀಗೆ ಕಷ್ಟಪಟ್ಟು ಸಂಖ್ಯೆ ಪಡೆದು ಕಪಾಟು ಸೇರಿದ ಸಂಪುಟಗಳಲ್ಲೂ ಚರಿತ್ರೆಗೆ ಬೇಕಾದ ಹಾಳೆ ಇರುವುದಿಲ್ಲ. 1990ರ ದಶಕದ ನಂತರದ ಸಂಚಿಕೆಗಳದ್ದು ಬೇರೆ ತೊಂದರೆ. ಅವುಗಳ ಕಂಪ್ಯೂಟರ್ ಕಡತಗಳು ಎಲ್ಲ ಯಂತ್ರಗಳಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ, ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಇವೆ. ಕಡತ ಉಳಿದಿದ್ದರೂ ಇಂದಿನ ಯಂತ್ರದಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಚಿಹ್ನೆಗಳು ಕಾಣುತ್ತವೆ. ಅಂಥ ಪತ್ರಿಕೆಗಳ ಮಟ್ಟಿಗೂ ನಂಬಬಹುದಾದದ್ದು ಅಚ್ಚಾದ ಪ್ರತಿಯೇ.

ಆನೆಬಾಗಿಲ ಮೇಷ್ಟರ ಕಟ್ಟನ್ನು ನಾನು ಬೈಂಡ್ ಮಾಡಿಸಿಲ್ಲ. ಒಂದೊಂದು ಸಂಚಿಕೆಯನ್ನೂ ರಕ್ಷಾಪುಟ, ಜಾಹೀರಾತು, ವಿಳಾಸದ ಚೀಟಿ ಸಹಿತ ಬಿಡಿಬಿಡಿಯಾಗಿ ಸ್ಕ್ಯಾನ್ ಮಾಡಿಸುತ್ತಿದ್ದೇನೆ, ಪ್ರತಿಯೊಂದಕ್ಕೂ ಒಂದು ಹಾಳೆಯ ಸೂಚಿ ಬರೆಯುತ್ತಿದ್ದೇನೆ. ಬರಹಗಳ ಹೆಸರು, ಸಂಸ್ಥೆಯ ಸ್ವಂತ ಪುಸ್ತಕಗಳ ವಿಮರ್ಶೆ, ಹೊರಗಿನವರ ಪುಸ್ತಕಗಳ ವಿಮರ್ಶೆ, ಓದುಗರ ಪತ್ರ ಬರೆದವರ ಊರು, ಮುದ್ರಣಾಲಯದ ಹೆಸರು, ಇವಿಷ್ಟು ಅದರಲ್ಲಿ ಇರುತ್ತವೆ. ದಾವಣಗೆರೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮುಂಚಿನ ವಿಳಾಸಗಳಲ್ಲಿ ಹರಿಹರ, ದಾವಣಗೆರೆಯ ಓದುಗರೂ ಚಿತ್ರದುರ್ಗ ಜಿಲ್ಲೆಯವರೇ ಆಗಿರುವುದರಿಂದ ಊರುಗಳ ಪಟ್ಟಿಯನ್ನು ತಾಲ್ಲೂಕಿನ ಪ್ರಕಾರ ಮಾಡಿಕೊಂಡಿದ್ದೇನೆ. ಈ ಭಾಗದ ಮನೆಗಳಲ್ಲಿ ಯಾವುದೇ ಪ್ರಕಾಶನದ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದರೆ, ಪೂರ್ತಿ ಇಲ್ಲವೆಂದು ಸಂಕೋಚಪಡದೆ, ರಕ್ಷಾಪುಟ ಕೀಳದೆ ಇಟ್ಟುಕೊಳ್ಳಿ. ಜಾಗವಿಲ್ಲದೆ ಕೆಲವನ್ನಾದರೂ ಬಿಡಲೇಬೇಕಾಗಿ ಬಂದರೆ ಮಾರ್ಚ್ ತಿಂಗಳ ಸಂಚಿಕೆಗಳನ್ನೂ ಓದುಗರ ಪತ್ರಗಳಿರುವ ಸಂಚಿಕೆಗಳನ್ನೂ ಕೊನೆಯವರೆಗೆ ಉಳಿಸಿ.